ಎರಡು ಸಾವಿರ ಮನೆಗಳ ಪರವಾಗಿ ಒಂದು ಹೌದು

ಊರ್ಮಿಳಾ ತುಮಕೂರಿನ ಡಿಗ್ರಿ ಕಾಲೇಜೊಂದರಲ್ಲಿ ಆರು ವರ್ಷ ಸಂಖ್ಯಾಶಾಸ್ತ್ರದ ಪಾಠ ಮಾಡಿದವಳು. ಆ ಕೆಲಸ ಬಿಟ್ಟು ಗಂಡನ ಜೊತೆ ಸ್ವೀಡನ್ನಿಗೆ ಹೊರಟಾಗ ಅವಳಿಗೆ ಮೂವತ್ತೆರಡು. ಗಂಡ ರಾಮಮೂರ್ತಿಗೆ ಎಸ್ಕಿಲ್‌ಸ್ಟುನಾದಲ್ಲಿ, ಮಣ್ಣು ಅಗೆಯುವ ಯಂತ್ರಗಳಿಗೆ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿತ್ತು. ಮೊದಲ ನಾಲ್ಕು ವರ್ಷ ಅವಳ ದಿನವೆಲ್ಲ ಮಗಳು ನಿಖಿತಾಳನ್ನು ದಾಗಿಸ್ ಎಂಬ ಶಿಶುವಿಹಾರಕ್ಕೆ ಬಿಟ್ಟು ಬರುವುದು, ಕೊಮ್ಯೂನ್ ಎಂಬ ಪುರಸಭೆಯವರು ನಡೆಸುವ ಸ್ವೀಡಿಷ್ ತರಗತಿಗೆ ಹೋಗುವುದು, ಮತ್ತೆ ಮಗಳನ್ನು ಕರೆತರುವುದು, ಇಷ್ಟರಲ್ಲೇ ಕಳೆಯಿತು. ಆ ತರಗತಿಯಲ್ಲಿ ಸಿರಿಯಾದ ದಂತವೈದ್ಯನೂ ಸೊಮಾಲಿಯಾದ ಅಜ್ಜಿಯೂ ಅವಳ ಅಕ್ಕಪಕ್ಕ ಕೂತು ಒಂದೇ ಪುಸ್ತಕ ಓದುತ್ತಿದ್ದರು. ಟೀಚರು ಒಂದು ದಿನ, ನಿನ್ನ ಉಚ್ಚಾರ ಫೋನಿನಲ್ಲಿ ಕೇಳಿದರೂ ತಿಳಿಯುವಷ್ಟು ಸ್ಪಷ್ಟ ಎಂದರು. ಅದೇ ಮಾತು ಅವಳ ಹೊಟ್ಟೆಪಾಡಾಯಿತು.

ಊರಿನ ಒಂದು ಖಾಸಗಿ ಸಮೀಕ್ಷಾ ಸಂಸ್ಥೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಗಂಟೆಯ ಲೆಕ್ಕದ ಸಂಬಳ. ಜನರಿಗೆ ಫೋನ್ ಮಾಡಿ ಕೇಳುವುದು: ಮನೆಯಲ್ಲಿ ಎಷ್ಟು ಮಂದಿ, ಆದಾಯ ಎಲ್ಲಿಂದ, ಬಾಡಿಗೆ ಎಷ್ಟು, ಎರಡು ದಿನಕ್ಕೊಮ್ಮೆಯಾದರೂ ಮೀನೋ ಮಾಂಸವೋ ತಿನ್ನಲು ಸಾಧ್ಯವೇ, ತಟ್ಟನೆ ಹದಿಮೂರು ಸಾವಿರ ಕ್ರೋನಾ ಖರ್ಚು ಬಂದರೆ ಸಾಲ ಮಾಡದೆ ತೂಗಿಸಬಲ್ಲಿರಾ, ಮನೆಯನ್ನು ಬೇಕಾದಷ್ಟು ಬೆಚ್ಚಗಿಟ್ಟುಕೊಳ್ಳಲು ಆಗುತ್ತಿದೆಯೇ. ಯೂರೋಪಿನ ಹದಿನಾಲ್ಕು ದೇಶಗಳಲ್ಲಿ ಇದೇ ಪ್ರಶ್ನೆಗಳನ್ನು ಇದೇ ವರಸೆಯಲ್ಲಿ ಕೇಳುತ್ತಿದ್ದರು. ಒಮ್ಮೆ ಆಯ್ಕೆಯಾದ ಮನೆಗೆ ನಾಲ್ಕು ವರ್ಷ, ವರ್ಷಕ್ಕೊಂದು ಫೋನು.

ಇವೆಲ್ಲ ಸೇರಿ ಪ್ರತಿ ವರ್ಷ ಒಂದು ವರದಿಯಾಗುತ್ತಿತ್ತು. ಅದರ ಮೊದಲ ಪುಟದಲ್ಲೊಂದು ದೊಡ್ಡ ಪಟ್ಟಿ. ಒಂದು ದೇಶ ದುಡಿದದ್ದಕ್ಕೆ ಹೊರಗಿನಿಂದ ಬಂದದ್ದನ್ನು ಕೂಡಿ, ಹೊರಗೆ ಹೋದದ್ದನ್ನು ಕಳೆದು, ಜನಸಂಖ್ಯೆಯಿಂದ ಭಾಗಿಸಿ, ಆಮೇಲೆ ಆಯಾ ದೇಶದ ಬೆಲೆಗಳಿಗೆ ಹೊಂದಿಸಿದರೆ ಬರುವ ಸಂಖ್ಯೆ. ರಾಷ್ಟ್ರದ ವೆಚ್ಚಯೋಗ್ಯ ಆದಾಯ ಎಂದು ಅದರ ಹೆಸರು. ಲಕ್ಸೆಂಬರ್ಗ್, ನಾರ್ವೆ ಮೇಲೆ. ಸ್ವೀಡನ್ ಅವುಗಳಿಗಿಂತ ತುಸು ಕೆಳಗೆ, ಆದರೂ ಎತ್ತರದಲ್ಲೇ. ರೊಮೇನಿಯಾ, ಬಲ್ಗೇರಿಯಾ ಕೊನೆಯಲ್ಲಿ. ಐರ್ಲೆಂಡಿನಲ್ಲಿ ಹೊರಗಿನ ಕಂಪನಿಗಳ ಲಾಭವೆಲ್ಲ ಕಳೆದ ಮೇಲೆ ಅದರ ಠೀವಿ ಹೇಗೆ ಇಳಿಯುತ್ತದೆ ನೋಡಿ ಎಂದು ಊರ್ಮಿಳಾ ಫೀಕಾ ಎಂಬ ಕಾಫಿ ಬಿಡುವಿನಲ್ಲಿ ಸಹೋದ್ಯೋಗಿಗಳಿಗೆ ವಿವರಿಸುತ್ತಿದ್ದಳು. ಕೈಯಲ್ಲಿ ಸೀಮೆಸುಣ್ಣ ಇಲ್ಲ ಅನ್ನುವುದೊಂದೇ ಕೊರತೆ. ಮೊದಲ ಪುಟದ ಆ ಸಂಖ್ಯೆ ಸರ್ಕಾರದ ಲೆಕ್ಕಗಳಿಂದ ಬರುತ್ತಿತ್ತು. ಅದರ ಹಿಂದಿನ ಪುಟಗಳು, ಆ ಹಣ ಯಾರ ಮನೆ ತಲುಪಿತು ಯಾರ ಮನೆ ತಲುಪಲಿಲ್ಲ ಎಂದು ಹೇಳುವ ಪುಟಗಳು, ಅವಳಂಥವರ ಫೋನಿನಿಂದ ಬರುತ್ತಿದ್ದವು. ಆಯ್ಕೆಯಾದ ಒಂದೊಂದು ಮನೆಯೂ ತನ್ನಂಥ ಸುಮಾರು ಎರಡು ಸಾವಿರ ಮನೆಗಳ ಪರವಾಗಿ ಉತ್ತರ ಹೇಳಿದ ಹಾಗೆ ಲೆಕ್ಕ. ತನ್ನ ಕೆಲಸದಲ್ಲಿ ಅವಳಿಗೆ ಬಹಳ ಹೆಮ್ಮೆಯ ವಿಷಯ ಅದೇ ಆಗಿತ್ತು.

ಗುನ್‌ವೋರ್ ಅವಳ ಪಟ್ಟಿಗೆ ಬಂದದ್ದು ಎರಡು ಸಾವಿರದ ಇಪ್ಪತ್ತೆರಡರ ಜನವರಿಯಲ್ಲಿ. ದಕ್ಷಿಣದ ಸ್ಮೋಲಾಂಡ್ ಸೀಮೆಯಲ್ಲಿ, ಕಾಡಿನ ಅಂಚಿನ ಒಂದು ಮರದ ಮನೆ; ಎಪ್ಪತ್ತಮೂರರ ಗುನ್‌ವೋರ್, ಎಪ್ಪತ್ತೆಂಟರ ಗಂಡ ಸ್ಟೂರೆ. ಗುನ್‌ವೋರ್ ಮೂವತ್ತೆಂಟು ವರ್ಷ ಕೊಮ್ಯೂನಿನ ವೃದ್ಧಾಶ್ರಮದಲ್ಲಿ ಮುದುಕರಿಗೆ ಸ್ನಾನ ಮಾಡಿಸಿ, ಉಣಿಸಿ, ನಿವೃತ್ತರಾದವರು. ಸ್ವೀಡಿಷ್‌ನಲ್ಲಿ ಮಂತ್ರಿಗೂ ಏಕವಚನ, ಮಗುವಿಗೂ ಏಕವಚನ. ಆದರೂ ಊರ್ಮಿಳಾಳ ಮನಸ್ಸಿನೊಳಗೆ ಆಕೆ ಮೊದಲ ದಿನದಿಂದಲೂ ‘ನೀವು’ ಆಗಿಯೇ ಉಳಿದರು. ಪ್ರಶ್ನೆ ಮುಗಿಯುವ ಮೊದಲೇ ಹೌದು, ಹೌದು ಎಂದು ಉತ್ತರ ಬರುತ್ತಿತ್ತು. ಮೀನು ಸ್ಟೂರೆಯೇ ಹಿಡಿದು ತರುತ್ತಾನೆ, ಸೌದೆ ಅವನೇ ಒಡೆಯುತ್ತಾನೆ, ನಮಗೇನು ಕಡಿಮೆ ಎಂದರು. ಕೊನೆಯಲ್ಲಿ, ಹದಿನಾಲ್ಕು ದೇಶದ ಲೆಕ್ಕದಲ್ಲಿ ನಮ್ಮ ಉತ್ತರವೂ ಬರುತ್ತದೋ ಎಂದು ಕೇಳಿದರು. ಬರುತ್ತದೆ ಎಂದಾಗ ಫೋನಿನಲ್ಲೇ ನಕ್ಕದ್ದು ಕೇಳಿಸಿತು.

ಮರುವರ್ಷ ಫೋನ್ ಮಾಡಿದಾಗ ಮನೆಯಲ್ಲಿ ಗುನ್‌ವೋರ್ ಒಬ್ಬರೇ ಉಳಿದಿದ್ದರು. ಸ್ಟೂರೆ ಅಕ್ಟೋಬರಿನಲ್ಲಿ ತೀರಿಕೊಂಡಿದ್ದರು. ಆ ಚಳಿಗಾಲ ದಕ್ಷಿಣ ಸ್ವೀಡನ್ನಿನಲ್ಲಿ ಕರೆಂಟಿನ ಬೆಲೆ ಕಂಡಾಪಟ್ಟೆ ಏರಿತ್ತು. ಸೌದೆ ಒಡೆಯುವವರಿಲ್ಲದ ಮೇಲೆ ಗುನ್‌ವೋರ್ ಕರೆಂಟಿನ ಹೀಟರನ್ನೇ ನಂಬಬೇಕಾಗಿತ್ತು. ತಟ್ಟನೆ ಬರುವ ಖರ್ಚಿನ ಪ್ರಶ್ನೆಗೆ ಆಕೆ, ಶವಸಂಸ್ಕಾರದ ಖರ್ಚು ಕಳೆದ ಮೇಲೆ ಅಂಥದ್ದೇನೂ ಉಳಿದಿಲ್ಲ, ಇಲ್ಲ ಅಂತ ಬರೆದುಕೋ ಎಂದರು. ಮನೆ ಬೆಚ್ಚಗಿದೆಯೇ ಎಂಬುದಕ್ಕೆ ಮಾತ್ರ ಹೌದು. ಊರ್ಮಿಳಾ ಬರೆದುಕೊಂಡಳು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವಳ ಮನೆಗೂ ಏಟು ಬಿತ್ತು. ಆರ್ಡರು ಕಡಿಮೆಯಾಗಿದೆ ಎಂದು ಕಾರ್ಖಾನೆ ಅರವತ್ತು ಜನರನ್ನು ತೆಗೆಯಿತು. ಅದರಲ್ಲಿ ರಾಮಮೂರ್ತಿ ಒಬ್ಬ. ನಿರುದ್ಯೋಗ ನಿಧಿಯಿಂದ ಒಂದಿಷ್ಟು ಬರುತ್ತಿತ್ತು, ಆದರೆ ಮನೆಸಾಲದ ಬಡ್ಡಿ ಆ ಎರಡು ವರ್ಷದಲ್ಲಿ ಎರಡರಷ್ಟಾಗಿತ್ತು. ಸ್ಟಾಕ್‌ಹೋಮಿನ ಕನ್ನಡ ಗೆಳೆಯರಿಗೆ ಅವನು ಈ ವಿಷಯ ಹೇಳಲಿಲ್ಲ. ಬೆಳಿಗ್ಗೆ ಎಂಟಕ್ಕೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಲೈಬ್ರರಿಗೆ ಹೋಗಿ ಅರ್ಜಿ ಬರೆಯುತ್ತಿದ್ದ. ಐವತ್ತು ದಾಟಿದ ಎಂಜಿನಿಯರಿಗೆ ಉತ್ತರ ಬರುವುದೇ ಅಪರೂಪ. ಊರ್ಮಿಳಾ ಸಿಕ್ಕಷ್ಟು ಹೆಚ್ಚಿನ ಗಂಟೆಗಳನ್ನು ತೆಗೆದುಕೊಂಡಳು. ಆ ಗಂಟೆಗಳನ್ನು ಹಂಚುವವನು ಮಾಟ್ಸ್ ಎಂಬ ಮೇಲ್ವಿಚಾರಕ. ಒಳ್ಳೆಯವನೇ. ಆದರೆ ಒಂದು ಫೋನು ನಲವತ್ತು ನಿಮಿಷ ಮೀರಿದರೆ ಏಕೆ ಎಂದು ಕೇಳುತ್ತಿದ್ದ. ಹಿಂದಿನ ವರ್ಷ ಒಬ್ಬ ಸಂದರ್ಶಕ, ಉತ್ತರಿಸಿದ ಮನೆಯೊಂದರ ಹೆಸರನ್ನು ಹೊರಗೆ ಹೇಳಿದನೆಂದು ಅವನ ಕೆಲಸವೇ ಹೋಗಿತ್ತು. ಗುಟ್ಟು ಬಿಡುವುದಿಲ್ಲ ಎಂದು ಎಲ್ಲರೂ ಸಹಿ ಹಾಕಿದವರೇ.

ಇಪ್ಪತ್ತನಾಲ್ಕರ ಜನವರಿ ಭಯಂಕರ ಚಳಿಯೊಂದಿಗೆ ಶುರುವಾಯಿತು. ಎಸ್ಕಿಲ್‌ಸ್ಟುನಾದಲ್ಲಿ ಬಸ್ಸುಗಳ ಬಾಗಿಲುಗಳೇ ಅಂಟಿಕೊಳ್ಳುತ್ತಿದ್ದವು. ಅಂಥ ಒಂದು ಮಂಗಳವಾರ ಬೆಳಿಗ್ಗೆ ಊರ್ಮಿಳಾ ಮೂರನೆಯ ಸಲ ಗುನ್‌ವೋರ್‌ಗೆ ಫೋನ್ ಮಾಡಿದಳು.

ಮೊದಲ ರಿಂಗಿಗೇ ಎತ್ತಿಕೊಂಡರು. ಧ್ವನಿ ಸಣ್ಣದಾಗಿತ್ತು, ನಡುನಡುವೆ ಕೆಮ್ಮು. ಪ್ರಶ್ನೆಗೆ ಮೊದಲೇ ಆಕೆ ತಾವಾಗಿ ಮಾತು ತೆಗೆದರು: ಈಗ ಅಡುಗೆಮನೆಯಲ್ಲೇ ಮಲಗುವುದು, ಉಳಿದ ಕೋಣೆಗಳ ನಲ್ಲಿಯ ನೀರು ಖಾಲಿ ಮಾಡಿ ಬಾಗಿಲು ಮುಚ್ಚಿದ್ದೇನೆ, ಇಲ್ಲದಿದ್ದರೆ ನೀರು ಹೆಪ್ಪುಗಟ್ಟಿ ಪೈಪು ಒಡೆಯುತ್ತದೆ, ಸ್ಟೂರೆಯ ಓವರ್‌ಕೋಟು ನನಗೆ ಉದ್ದ, ಆದರೆ ಕಾಲೂ ಮುಚ್ಚುತ್ತದೆ, ಇಂದು ಬೆಳಿಗ್ಗೆ ಅಡುಗೆಮನೆಯಲ್ಲೇ ಬಾಯಿಂದ ಹಬೆ ಬರುತ್ತಿತ್ತು. ಇದನ್ನೆಲ್ಲ ದೂರಿನಂತೆ ಹೇಳಲಿಲ್ಲ, ಪಕ್ಕದ ಮನೆಯವರ ಸುದ್ದಿಯಂತೆ ಹೇಳಿದರು. ಊರ್ಮಿಳಾ ಪ್ರಶ್ನೆಗಳನ್ನು ಒಂದೊಂದಾಗಿ ಓದಿದಳು. ಮೀನು ಮಾಂಸ: ಇಲ್ಲ. ಖರ್ಚು: ಇಲ್ಲ. ಕೊನೆಗೆ ಆ ಪ್ರಶ್ನೆ ಬಂತು.

“ಮನೆಯನ್ನ ಬೇಕಾದಷ್ಟು ಬೆಚ್ಚಗಿಟ್ಟುಕೊಳ್ಳೋಕೆ ಆಗ್ತಿದೆಯಾ?”

ಗುನ್‌ವೋರ್ ಉತ್ತರದ ಬದಲು ತಾವೇ ಪ್ರಶ್ನೆ ಕೇಳಿದರು.

“ಇದನ್ನ ಬಲ್ಗೇರಿಯಾದಲ್ಲೂ ಕೇಳ್ತಾರಾ?”

“ಕೇಳ್ತಾರೆ.”

“ಅಲ್ಲಿ ಇಲ್ಲ ಅನ್ನೋರು ಜಾಸ್ತಿನಾ?”

“ಇಲ್ಲಿಗಿಂತ ಜಾಸ್ತಿ.”

“ಹಾಗಾದ್ರೆ ನಂದು ಹೌದು ಅಂತ ಬರ್ಕೋ. ಮೂವತ್ತೆಂಟು ವರ್ಷ ಟ್ಯಾಕ್ಸ್ ಕಟ್ಟಿದವಳು ನಾನು. ಸ್ವೀಡನ್ನಲ್ಲಿ ಮುದುಕರು ಚಳೀಲಿ ಕೂತಿದಾರೆ ಅನ್ನೋ ಲೆಕ್ಕ ನನ್ನಿಂದ ಶುರುವಾಗೋದು ಬೇಡ.”

ನಿಯಮ ಸ್ಪಷ್ಟವಾಗಿತ್ತು. ಉತ್ತರಿಸುವವರು ಏನು ಹೇಳುತ್ತಾರೋ ಅದೇ ಉತ್ತರ. ಸಂದರ್ಶಕರು ತಮಗನಿಸಿದ್ದನ್ನು ತುಂಬುವಂತಿಲ್ಲ. ಖಚಿತ ಅಲ್ಲವೇ ಎಂದು ಒಂದು ಸಲ ಕೇಳಬಹುದು. ಅವಳು ಕೇಳಿದಳು. ಖಚಿತ ಎಂದರು ಗುನ್‌ವೋರ್. ಊರ್ಮಿಳಾ ಹೌದು ಒತ್ತಿದಳು. ಷರಾ ಬರೆಯುವ ಜಾಗದಲ್ಲಿ, ಅಡುಗೆಮನೆಯಲ್ಲಿ ಹಬೆ, ಎಂದು ಬರೆಯಲು ಶುರುಮಾಡಿ ಅಳಿಸಿದಳು. ಗಡಿಯಾರದಲ್ಲಿ ನಲವತ್ತೆರಡು ನಿಮಿಷವಾಗಿತ್ತು. ಮುಂದಿನ ವರ್ಷ ಸಿಗೋಣ ಎಂದು ಹೇಳಿ ಫೋನಿಟ್ಟಳು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಆ ಊರಿನ ಕೊಮ್ಯೂನಿನ ಸಮಾಜಸೇವೆಯ ನಂಬರು ಹುಡುಕಿದಳು. ಅದನ್ನು ತನ್ನ ಮೊಬೈಲಿನಲ್ಲಿ ಒತ್ತಿಯೂ ಆಗಿತ್ತು. ಕರೆಯ ಹಸಿರು ಗುಂಡಿಯೊಂದು ಬಾಕಿ. ಒಬ್ಬ ಮುದುಕಿ ಇಂಥ ಕಡೆ ಚಳಿಯಲ್ಲಿದ್ದಾಳೆ ಎನ್ನಬೇಕು. ಹೆಸರು ಕೇಳುತ್ತಾರೆ. ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ಆಮೇಲೆ ಮಾಟ್ಸ್‌ಗೆ ಫೋನು ಹೋಗುತ್ತದೆ. ಅವಳು ನಂಬರನ್ನು ಅಳಿಸಿ, ತಂದಿದ್ದ ಚಿತ್ರಾನ್ನದ ಡಬ್ಬಿ ತೆರೆದಳು.

ಸಂಜೆ ರಾಮಮೂರ್ತಿಗೆ ಹೇಳಿದಳು. ಹೆಸರು, ಊರು ಹೇಳದೆ.

“ನೀನ್ ಫೋನ್ ಮಾಡಿ ಕೆಲ್ಸ ಕಳ್ಕೊಂಡ್ರೆ?” ಎಂದ ಅವನು. “ಸದ್ಯಕ್ಕೆ ಈ ಮನೇಲಿ ಸ್ಯಾಲರಿ ಅಂತ ಬರ್ತಿರೋದು ನಿಂದೊಂದೇ.”

“ಹಂಗಂತ ಸುಮ್ನೆ ಇರಕ್ಕಾಗತ್ತೇನ್ರೀ?”

“ಅವ್ರಿಗೂ ಅಕ್ಕಪಕ್ಕದೋರು ಇರ್ತಾರೆ. ಇದು ಸ್ವೀಡನ್ನು ಕಣೇ. ಯಾರೋ ಒಬ್ರು ನೋಡ್ಕೋತಾರೆ.”

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಯಾರೋ ಒಬ್ಬರು ನೋಡಿಕೊಳ್ಳುತ್ತಾರೆ ಎಂದು ಊರ್ಮಿಳಾ ತನಗೆ ತಾನೇ ಹೇಳಿಕೊಂಡು, ಮೂರು ದಿನ ಬಿಟ್ಟು ಮತ್ತೆ ಆ ನಂಬರು ಹುಡುಕಬೇಕೆಂದುಕೊಂಡಳು. ಆಮೇಲೆ ನಿಖಿತಾಳಿಗೆ ಜ್ವರ ಬಂತು. ಆಮೇಲೆ ಇನ್ನೂರ ಮೂವತ್ತು ಮನೆಗಳ ಫೋನು ಬಾಕಿಯಿತ್ತು. ಫೆಬ್ರವರಿ ಮುಗಿಯುವ ಹೊತ್ತಿಗೆ ಚಳಿ ಇಳಿಯಿತು. ಇಳಿದ ಚಳಿಯ ಜೊತೆ ಅವಳ ಆತಂಕವೂ ಇಳಿಯಿತು.

ಅಕ್ಟೋಬರಿನಲ್ಲಿ ವರದಿ ಬಂತು. ಫೀಕಾ ಕೋಣೆಯ ಗೋಡೆಗೆ ಮಾಟ್ಸ್ ಮೊದಲ ಪುಟವನ್ನು ದೊಡ್ಡದಾಗಿ ಅಚ್ಚುಹಾಕಿಸಿ ಅಂಟಿಸಿದ. ಮೇಜಿನ ಮೇಲೆ ಹಸಿರು ಹೊದಿಕೆಯ ಕೇಕು. ಬೆಲೆ ಏರಿದರೂ ಸ್ವೀಡನ್ನಿನ ಸಾಲು ಹೆಚ್ಚು ಕುಸಿದಿರಲಿಲ್ಲ. ಮನೆ ಬೆಚ್ಚಗಿಡಲು ಆಗದವರು ಎಂಬ ಪುಟದಲ್ಲಿ ಹದಿನಾಲ್ಕು ದೇಶಗಳಲ್ಲೇ ಅತಿ ಕಡಿಮೆ ಅಂಕಿ ಇರುವ ಮೂರು ದೇಶಗಳಲ್ಲಿ ಸ್ವೀಡನ್ ಒಂದು. ಉತ್ತರ ಸಿಗದ ಮನೆಗಳು ಅತಿ ಕಡಿಮೆ ಇರುವುದು ಊರ್ಮಿಳಾಳ ಪಟ್ಟಿಯಲ್ಲಿ ಎಂದು ಮಾಟ್ಸ್ ಎಲ್ಲರೆದುರು ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಕೇಕು ತಿಂದಳು, ಎರಡನೆಯ ತುಂಡನ್ನೂ ಹಾಕಿಸಿಕೊಂಡಳು.

ಇಪ್ಪತ್ತೈದರ ಜನವರಿಯಲ್ಲಿ ಗುನ್‌ವೋರ್‌ಗೆ ನಾಲ್ಕನೆಯ, ಕೊನೆಯ ಫೋನು. ನಂಬರು ಚಾಲ್ತಿಯಲ್ಲಿಲ್ಲ ಎಂಬ ಧ್ವನಿಮುದ್ರಣ ಕೇಳಿಸಿತು. ಎರಡು ದಿನ ಬಿಟ್ಟು ಮತ್ತೆ ಮಾಡಿದಳು. ಮೂರನೆಯ ದಿನ ಜನಸಂಖ್ಯೆಯ ನೋಂದಣಿಯಿಂದ ವರ್ಷಕ್ಕೊಮ್ಮೆ ಬರುವ ಹೊಸ ಮಾಹಿತಿ ಅವಳ ಪರದೆಯಲ್ಲಿ ಸೇರಿಕೊಂಡಿತು. ಮರಣ ದಿನಾಂಕ: ಎರಡು ಸಾವಿರದ ಇಪ್ಪತ್ತನಾಲ್ಕು, ಫೆಬ್ರವರಿ ಆರು. ಅವಳು ಫೋನಿಟ್ಟ ಮಂಗಳವಾರದಿಂದ ಬೆರಳೆಣಿಸಿದಳು. ನಾಲ್ಕು ವಾರ.

ಕಡತ ಮುಚ್ಚಲು ‘ಮೃತ’ ಎಂಬ ಒಂದು ಗುಂಡಿ ಒತ್ತಿದರೆ ಸಾಕು. ಅದನ್ನು ಒತ್ತದೆ ಅವಳು ಮಾಟ್ಸ್‌ನ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು: ಹಬೆ, ಓವರ್‌ಕೋಟು, ತಾನು ಅಳಿಸಿದ ಷರಾ. ಆ ಹೌದನ್ನು ಇಲ್ಲ ಎಂದು ತಿದ್ದಬೇಕು ಎಂದಳು.

ಮಾಟ್ಸ್ ಕಡತ ತೆರೆದು ನಿಧಾನವಾಗಿ ಓದಿದ. ನೀನು ನಿಯಮದ ಪ್ರಕಾರವೇ ನಡೆದಿದ್ದೀಯ, ಒಂದು ಸಲ ಖಚಿತಪಡಿಸಿಕೊಂಡದ್ದೂ ಇಲ್ಲಿ ದಾಖಲಾಗಿದೆ ಎಂದ. ಉತ್ತರಿಸಿದವರ ಒಪ್ಪಿಗೆಯಿಲ್ಲದೆ ಉತ್ತರ ತಿದ್ದುವಂತಿಲ್ಲ.

“ಅವರು ಬದುಕಿಲ್ಲ,” ಎಂದಳು ಊರ್ಮಿಳಾ.

“ಗೊತ್ತು. ಅದಕ್ಕೇ ತಿದ್ದೋಕಾಗಲ್ಲ.” ಅವನು ಕಡತ ಮುಚ್ಚಿದ. “ಒಂದು ಉತ್ತರ ಬದಲಾದ್ರೆ ನಾವು ಅಚ್ಚು ಹಾಕೋ ಅಂಕಿ ಬದಲಾಗಲ್ಲ, ಊರ್ಮಿಳಾ. ಅದು ನಿಂಗೆ ನನಗಿಂತ ಚೆನ್ನಾಗಿ ಗೊತ್ತು.”

ಗೊತ್ತಿತ್ತು. ಪಾಠ ಮಾಡಿದವಳಲ್ಲವೇ. ಮಾಟ್ಸ್ ಒಬ್ಬ ಆಪ್ತಸಲಹೆಗಾರರ ನಂಬರು ಬರೆದುಕೊಟ್ಟ. ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಬಂದು ಗುಂಡಿ ಒತ್ತಿದಳು.

ಮಾರ್ಚಿನ ಒಂದು ಶನಿವಾರ, ಗೆಳತಿಯ ಮನೆಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ, ಎರಡು ರೈಲು ಒಂದು ಬಸ್ಸು ಹಿಡಿದು ಅವಳು ಸ್ಮೋಲಾಂಡಿಗೆ ಹೋದಳು. ವಿಳಾಸ ಬಾಯಿಪಾಠವಾಗಿತ್ತು. ಕೆಂಪು ಬಣ್ಣ ಮಾಸಿದ ಮನೆ. ಕಿಟಕಿಗಳಿಗೆ ಪರದೆಯಿಲ್ಲ, ಮಾರಾಟಕ್ಕಿದೆ ಎಂಬ ಫಲಕ ಬೇಲಿಗೆ ವಾಲಿಕೊಂಡಿತ್ತು. ಹಿಂದುಗಡೆ ಕೊಟ್ಟಿಗೆಯಂಥ ಮಾಡಿನ ಕೆಳಗೆ ದೊಡ್ಡ ದೊಡ್ಡ ಕೊರಡುಗಳು ಒಡೆಯದೆ ಬಿದ್ದಿದ್ದವು. ಮೂರು ಚಳಿಗಾಲಕ್ಕಾದರೂ ಸಾಲುವಷ್ಟು ಸೌದೆ. ಒಡೆಯುವ ಕೈ ಇರಲಿಲ್ಲ, ಅಷ್ಟೆ.

ರಸ್ತೆಯಾಚೆಯ ಮನೆಯಿಂದ ಬೆಂಗ್ತ್ ಎಂಬ ವಯಸ್ಸಾದ ರೈತ ಬಂದು, ಮನೆ ನೋಡಲು ಬಂದೆಯಾ ಎಂದು ಕೇಳಿದ. ಗುನ್‌ವೋರ್ ಪರಿಚಯವಿತ್ತು, ಫೋನಿನಲ್ಲಿ ಮಾತಾಡುತ್ತಿದ್ದೆವು ಎಂದಳು. ಗುಟ್ಟು ಬಿಡೆನೆಂದು ಸಹಿ ಹಾಕಿದವಳು ಅಷ್ಟು ಹೇಳುವುದೂ ತಪ್ಪೇ.

ಬೆಂಗ್ತ್ ಅವಳನ್ನೇ ದಿಟ್ಟಿಸಿದ. “ವರ್ಷಕ್ಕೊಂದ್ಸಲ ಫೋನ್ ಮಾಡ್ತಿದ್ದೋಳು ನೀನಾ?”

ಅವಳು ತಲೆಯಾಡಿಸಿದಳು.

ಹಿಮ ತಳ್ಳುವ ಟ್ರ್ಯಾಕ್ಟರು ತಂದಾಗ ಬಾಗಿಲ ಮುಂದೆ ಹೆಜ್ಜೆಗುರುತೇ ಇಲ್ಲದ್ದನ್ನು ಕಂಡು ತಾನೇ ಒಳಗೆ ಹೋದದ್ದು ಎಂದ ಅವನು. ಅಡುಗೆಮನೆಯ ಸೋಫಾದ ಮೇಲೆ ಗುನ್‌ವೋರ್ ಓವರ್‌ಕೋಟು ಹೊದ್ದು ಮಲಗಿದ್ದರು. ಹೀಟರು ಅತಿ ಸಣ್ಣ ಮಟ್ಟದಲ್ಲಿ ಉರಿಯುತ್ತಿತ್ತು. ಡಾಕ್ಟರು ಹೃದಯ ನಿಂತಿದೆ ಎಂದು ಬರೆದರು. ಎಪ್ಪತ್ತೈದಾಗಿತ್ತಲ್ಲ, ಹಾಗೆ ಬರೆದದ್ದರಲ್ಲಿ ತಪ್ಪೇನೂ ಇಲ್ಲ ಎಂದ. ಸೌದೆ ಒಡೆದುಕೊಡಲೇ ಎಂದು ನಾನು ಎರಡು ಸಲ ಕೇಳಿದ್ದೆ, ಬೇಡ, ಕರೆಂಟಿದೆ ಅಂದಿದ್ದಳು. ಮೂರನೆಯ ಸಲ ಕೇಳಲಿಲ್ಲ. ಹಾಗೆಂದು ಅವನು ಕೊರಡುಗಳತ್ತ ನೋಡುತ್ತ ನಿಂತ.

ಆಮೇಲೆ ಇನ್ನೊಂದು ಮಾತು ಹೇಳಿದ. ಸಮೀಕ್ಷೆಯ ಫೋನು ಬರುವುದೆಂದು ಪತ್ರದಲ್ಲಿ ತಿಳಿಸಿದ ದಿನವನ್ನು ಗುನ್‌ವೋರ್ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದರಂತೆ. ಅಂದು ಬೆಳಿಗ್ಗೆ ತಲೆ ಬಾಚಿ, ಕಾಫಿ ಮಾಡಿಟ್ಟುಕೊಂಡು, ಫೋನಿನ ಪಕ್ಕ ಕೂರುತ್ತಿದ್ದರಂತೆ. ಸ್ಟೂರೆ ಹೋದ ಮೇಲೆ ಆಕೆಯನ್ನು ಅಷ್ಟು ಪ್ರಶ್ನೆ ಕೇಳುವವರು ಬೇರೆ ಯಾರೂ ಇರಲಿಲ್ಲ.

ಊರ್ಮಿಳಾ ಬಸ್ ನಿಲ್ದಾಣದವರೆಗೆ ನಡೆದು ಹೋದಳು. ಮುಂದಿನ ಬಸ್ಸಿಗೆ ಎರಡು ಗಂಟೆಯಿತ್ತು. ಆ ಬೆಂಚಿನ ಮೇಲೆ ಕೂತು ಅವಳು ಅತ್ತಳೋ ಇಲ್ಲವೋ ಯಾರಿಗೂ ಹೇಳಲಿಲ್ಲ. ಮನೆಗೆ ಬಂದಾಗ ಕೈಬೆರಳುಗಳು ಮರಗಟ್ಟಿದ್ದವು; ನಿಖಿತಾ ಅವನ್ನು ತನ್ನ ಅಂಗೈಯಲ್ಲಿ ಹಿಡಿದುಕೊಂಡು, ಗ್ಲೌಸ್ ಎಲ್ಲಿ ಎಂದು ಸ್ವೀಡಿಷ್‌ನಲ್ಲೇ ಗದರಿದಳು.

ಆ ಸುತ್ತಿನ ಫೋನುಗಳು ಮುಗಿಯುವವರೆಗೆ ಅವಳು ದುಡಿದಳು. ರಾಮಮೂರ್ತಿಗೆ ಏಪ್ರಿಲಿನಲ್ಲಿ ಒಂದು ಗೋದಾಮಿನಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ ಸಿಕ್ಕಿತು, ಹಳೆಯ ಸಂಬಳದ ಮುಕ್ಕಾಲು ಪಾಲಿಗೆ. ಮೇ ತಿಂಗಳಲ್ಲಿ ಊರ್ಮಿಳಾ ಸಮೀಕ್ಷೆಯ ಕೆಲಸ ಬಿಟ್ಟು, ಮುದುಕರ ಮನೆಗಳಿಗೆ ಹೋಗಿ ಆರೈಕೆ ಮಾಡುವ ಕೊಮ್ಯೂನಿನ ಕೆಲಸಕ್ಕೆ ಸೇರಿದಳು. ಎಂಎಸ್ಸಿ ಓದಿದವಳು ಇನ್ನೊಬ್ಬರ ಕಾಲು ತೊಳೆಯುವುದಕ್ಕೆ ಇಷ್ಟು ದೂರ ಬರಬೇಕಿತ್ತೇ ಎಂದು ರಾಮಮೂರ್ತಿ ಒಂದು ವಾರ ಮಾತು ಬಿಟ್ಟ. ಆ ಕೆಲಸದಿಂದ ಅವಳ ಮನಸ್ಸು ಹಗುರವಾಯಿತು ಎನ್ನುವಂತೆಯೂ ಇರಲಿಲ್ಲ. ಒಂದೊಂದು ಮನೆಗೆ ಹದಿನೈದು ನಿಮಿಷ ಎಂದು ಮೊಬೈಲಿನಲ್ಲಿ ಬರುತ್ತಿತ್ತು. ಸ್ಟಾಕಿಂಗ್ಸ್ ಏರಿಸಿ, ಮಾತ್ರೆ ಕೊಟ್ಟು, ಗಂಜಿ ಬಿಸಿ ಮಾಡುವಷ್ಟರಲ್ಲಿ ಮುಂದಿನ ಮನೆಯ ಹೆಸರು ಮಿನುಗುತ್ತಿತ್ತು. ಇನ್ನೂ ಸ್ವಲ್ಪ ಕೂತುಕೋ ಎಂದವರ ಕೈಯಿಂದ ತನ್ನ ಕೈ ಬಿಡಿಸಿಕೊಂಡು ಹೊರಡಬೇಕಾಗುತ್ತಿತ್ತು.

ಆ ವರ್ಷದ ದೀಪಾವಳಿಗೆ ಕನ್ನಡದವರು ಸ್ಟಾಕ್‌ಹೋಮಿನಲ್ಲಿ ಹಾಲ್ ಬಾಡಿಗೆಗೆ ಹಿಡಿದಿದ್ದರು. ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡು ರಘುನಾಥ ಎಂಬ ಐಟಿ ಗೆಳೆಯ, ಟ್ಯಾಕ್ಸು ಜಾಸ್ತಿಯಾದರೂ ಇಲ್ಲೇ ಇರಬೇಕು ಏಕೆ ಎಂದು ಹೊಸದಾಗಿ ಬಂದ ದಂಪತಿಗೆ ಹೇಳುತ್ತಿದ್ದ. ಮೊಬೈಲಿನಲ್ಲಿ ಹೊಸ ವರದಿಯ ಮೊದಲ ಪುಟ. ತಲಾ ಆದಾಯದಲ್ಲಿ ಯಾವ ದೇಶ ಎಷ್ಟನೆಯದು, ಇಲ್ಲಿಯ ಒಬ್ಬನ ಪಾಲಿಗೆ ಬಲ್ಗೇರಿಯಾದವನ ಪಾಲು ಎಷ್ಟು ಕಡಿಮೆ ಎಂದೆಲ್ಲ ಓದಿ, ಊರ್ಮಿಳಾಳತ್ತ ತಿರುಗಿದ.

“ನೀವೇ ಹೇಳಿ ಊರ್ಮಿಳಾ ಅವ್ರೇ, ನಿಮ್ದೇ ಫೀಲ್ಡ್ ಅಲ್ವಾ. ಇಲ್ಲಿ ಯಾರಾದ್ರೂ ಚಳೀಲಿ ಸಾಯ್ತಾರಾ?”

ರಾಮಮೂರ್ತಿ ತಟ್ಟೆಯಿಂದ ತಲೆಯೆತ್ತಿ ಹೆಂಡತಿಯನ್ನು ನೋಡಿದ.

“ಹೋದ್ವರ್ಷದ ರಿಪೋರ್ಟಲ್ಲಿ ಒಂದು ಉತ್ತರ ಸುಳ್ಳು,” ಎಂದಳು ಅವಳು. “ಸುಳ್ಳು ಅಂತ ಗೊತ್ತಿದ್ದೂ ನಾನೇ ಬರ್ಕೊಂಡಿದ್ದು.”

ಹೊಸ ದಂಪತಿ ನಕ್ಕರು. ರಘುನಾಥನೂ ನಕ್ಕು, ಒಂದು ಉತ್ತರದಿಂದ ಏನಾಗುತ್ತೆ ಬಿಡಿ ಮೇಡಂ ಎಂದು, ಐರ್ಲೆಂಡಿನ ಸಾಲಿಗೆ ಬೆರಳು ಜಾರಿಸಿದ. ಊರ್ಮಿಳಾ ತಟ್ಟೆಯನ್ನು ಮೇಜಿನ ಮೇಲಿಟ್ಟು ಕೋಟು ಹುಡುಕಿದಳು. ರಾಮಮೂರ್ತಿ ಎದ್ದು ಬಂದು, ಕೋಟಿನ ತೋಳು ಹಿಡಿದು ಅವಳಿಗೆ ತೊಡಿಸಿದ. ಎಸ್ಕಿಲ್‌ಸ್ಟುನಾದ ರೈಲಿಗೆ ಇಪ್ಪತ್ತು ನಿಮಿಷವಿತ್ತು. ಮರುದಿನ ಬೆಳಿಗ್ಗೆ ಆರೂವರೆಗೆ ಅವಳ ಮೊದಲ ಮನೆ.